ಪಂಚಮಿಗೆ ಕರೆಯಲು ಬಂದ ಅಣ್ಣ

"ಬಂದೇ ಬರ್ತಾನ್ರಿ ಮೇಡಂ. ಪಂಚಮಿಗಿ ನನ್ನ ಕರ್ಯಾಕ ಬರದೆ ಇರೋ ಮನುಷ್ಯಾ ಅಲ್ಲ ಅವ."

ಸುಭದ್ರಾಬಾಯಿ ಹೀಗೆಂದಾಗ ಆಳಂದದ ಪೊಲೀಸ್ ಠಾಣೆಯ ಮೇಡಂ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು.

"ಸ್ವಂತ ಸೋದರಸೊಸಿನ್ನ ಮಾರಿದವ ತಂಗಿನ್ನ ಹಬ್ಬಕ್ಕ ಕರ್ಯಾಕ ಬರ್ತಾನೇನವ್ವಾ?"

"ನನ್ನ ಲಗ್ನಾಗಿ ಇಪ್ಪತ್ತಾರು ವರ್ಷಾತ್ರಿ. ಒಂದು ವರ್ಷ ತಪ್ಪಿಸಿಲ್ಲ. ಕಾಲು ಮುರಕೊಂಡಾಗ ಬಡಿಗಿ ಊರ್ಕೋತ ಬಂದಿದ್ದ. ನನ್ನ ಗಂಡ ಸತ್ತ ವರ್ಷ ನಮಗ ಹಬ್ಬ ಇರಲಿಲ್ಲ, ಆದ್ರೂ ಬಂದು ಬಾಗಲದಾಗ ಕುಂತು ಹೋದ. ಈ ವರ್ಷ ಬರಲಿಲ್ಲಂದ್ರ ಮಂದಿ ಯಾಕ ಅಂತ ಕೇಳ್ತಾರ. ಅದು ಅವಗ ಗೊತ್ತದ."

ಶಿವರಾಯ ಅವಳ ಒಡಹುಟ್ಟಿದ ಅಣ್ಣ. ನರೋಣಾ ಅವಳ ತವರು, ಕೊಟ್ಟ ಊರು ನಿಂಬರ್ಗಾ. ಐದಾರು ವರ್ಷಗಳಿಂದ ಶಿವರಾಯ ಇವತ್ತು ಸೊಲ್ಲಾಪುರ, ನಾಳೆ ಪುಣೆ ಎಂದು ತಿರುಗುತ್ತಿದ್ದ. ಏನು ಕೆಲಸವೆಂದು ಕೇಳಿದರೆ ಹೆಂಡತಿಗೂ ಸರಿಯಾಗಿ ಹೇಳುತ್ತಿರಲಿಲ್ಲ. ಅವನ ಫೋನ್ ನಂಬರು ತಿಂಗಳಿಗೊಮ್ಮೆ ಬದಲಾಗುತ್ತಿತ್ತು.

"ನಾವು ನರೋಣಾಕ್ಕ ಹೋಗಿ ವಿಚಾರಿಸಿದ್ರ ಅವಗ ಖಬರ್ ಮುಟ್ತದ" ಎಂದರು ಮೇಡಂ. "ಅವ ಕೊಂಡವರಿಗಿ ಫೋನ್ ಹಚ್ತಾನ. ಅವರು ನಿನ್ನ ಮಗಳಿನ್ನ ಬೇರೆ ಕಡಿ ದಾಟಸ್ತಾರ. ಅವನೂ ಅವನ ಫೋನೂ ಕೂಡೇ ನಮ್ಮ ಕೈಗಿ ಸಿಗಬೇಕು. ಅಲ್ಲಿತನಕ ನೀ ಯಾರ ಮುಂದೂ ಬಾಯಿ ಬಿಡಬಾರದು. ಆಗ್ತದೇನು?"

"ಆಗ್ತದ್ರಿ."

ಪಕ್ಕದಲ್ಲಿ ಕುಳಿತಿದ್ದ ವಜೀರುನ್ನಿಸಾ ಅವಳ ಮೊಣಕೈ ಹಿಡಿದುಕೊಂಡಳು. ನಿಂಬರ್ಗಾದ ಆಶಾ ಕಾರ್ಯಕರ್ತೆ ಅವಳು. ಸುಭದ್ರಾಬಾಯಿಯನ್ನು ಆಳಂದದವರೆಗೆ ಕರೆತಂದವಳೂ ಅವಳೇ.

ಆ ಫೋನು ಬಂದದ್ದು ಹಿಂದಿನ ದಿನ, ಮಣ್ಣೆತ್ತಿನ ಅಮಾವಾಸ್ಯೆಯಾಗಿ ಮೂರನೆಯ ದಿನ. ಸುಭದ್ರಾಬಾಯಿ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ತೊಗರಿಬೇಳೆ ತೊಳೆಯುತ್ತಿದ್ದಳು. ಗುರುತಿಲ್ಲದ ನಂಬರು. ಒದ್ದೆ ಕೈಯಲ್ಲೇ ಎತ್ತಿದಳು.

"ಅವ್ವಾ, ನಾ ಸುನಿತಾ. ಜೋರ ಮಾತಾಡಬ್ಯಾಡ. ಈ ಮನಿ ಮುದುಕನ ಫೋನು ಚಾರ್ಜಿಗಿತ್ತು, ತಗೊಂಡೀನಿ."

ಒಂದೂವರೆ ವರ್ಷದಲ್ಲಿ ಮಗಳ ದನಿ ಕೇಳಿದ್ದು ಮೂರೋ ನಾಲ್ಕೋ ಸಲ. ಆಗೆಲ್ಲ ಮಧ್ಯದಲ್ಲಿ ಅಣ್ಣನೇ ಇರುತ್ತಿದ್ದ, ಫೋನು ಅವನದೇ ಇರುತ್ತಿತ್ತು. ಹುಡುಗಿ "ಆರಾಮ ಅದೀನಿ" ಎಂದು ಇಡುತ್ತಿದ್ದಳು. ಈ ಸಲ ಅವಳು ಉಸಿರು ಬಿಡದೆ ಮಾತಾಡಿದಳು. ಮುಂಜಾನೆ ನಾಲ್ಕಕ್ಕೆ ಎಬ್ಬಿಸಿ ಎಮ್ಮೆಗಳ ಸಗಣಿಗೆ ಹಚ್ಚುತ್ತಾರೆ. ಆಮೇಲೆ ಹೊಲ. ಹೊಲದಿಂದ ಬಂದ ಮೇಲೆ ಕೋಣೆಗೆ ಹೊರಗಿನಿಂದ ಚಿಲಕ. ಊರ ಹೆಸರು ಕೇಳಿದರೆ ಹೊಡೆಯುತ್ತಾರೆ. "ನಿನ್ನ ಕೊಂಡು ತಂದೀವಿ ಅಂತಾರವ್ವಾ. ಈ ಮನ್ಯಾಗ ಗಂಡಸರು ಮೂರು ಮಂದಿ ಅದಾರ" ಎಂದಳು. ಆ ಮಾತಿನ ಅರ್ಥ ತಾಯಿಗೆ ಹೊಳೆದು, ಬೇಳೆಯ ಬೋಗುಣಿ ಕೈಯಿಂದ ಜಾರಿತು.

"ಶಿವರಾಯ ಮಾವ ಎರಡು ಸಲ ಬಂದಿದ್ದ ಇಲ್ಲಿ. ಅವನ ಕಾಲು ಹಿಡದೆ, ಕರಕೊಂಡು ಹೋಗು ಅಂದೆ. ‘ಸುಮ್ಮ ಇರು, ಎಲ್ಲಾ ನಿಮ್ಮವ್ವಗ ಗೊತ್ತದ, ಆಕಿನ್ನ ಕೇಳೇ ಮಾಡೀನಿ’ ಅಂದ. ಅವ್ವಾ, ನಿನಗ ಗೊತ್ತಿತ್ತೇನು?"

ಸುಭದ್ರಾಬಾಯಿ ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಗಂಡಸಿನ ದನಿ ಕೇಳಿಸಿತು, ಫೋನು ಕಟ್ಟಾಯಿತು. ತಿರುಗಿ ಮಾಡುವ ಧೈರ್ಯ ಅವಳಿಗಾಗಲಿಲ್ಲ. ಪೊಲೀಸರು ಮಾರನೆಯ ದಿನ ತಪಾಸಣೆ ಮಾಡಿದರು. ನಂಬರು ಇನ್ಯಾರದೋ ಹೆಸರಿನಲ್ಲಿತ್ತು. ರಾಜಸ್ಥಾನದ ಕಡೆಯ ಒಂದು ಟವರಿನಿಂದ ಬಂದ ಕರೆ ಎಂದಷ್ಟೇ ತಿಳಿಯಿತು. ಆ ಟವರಿನ ಸುತ್ತ ಮೂವತ್ತು ಹಳ್ಳಿಗಳು.

ಮಗಳು ಕೇಳಿದ ಮಾತು ಮಾತ್ರ ಉತ್ತರವಿಲ್ಲದೆ ಅವಳಲ್ಲೇ ಉಳಿಯಿತು. ಬೇಳೆ ತೊಳೆಯುವಾಗಲೂ ಅದೇ, ರೊಟ್ಟಿ ತಟ್ಟುವಾಗಲೂ ಅದೇ. ಗೊತ್ತಿತ್ತೇನು? ಗೊತ್ತಿರಲಿಲ್ಲ ಎಂದು ಒಂದು ಮಾತು ಹೇಳುವುದಕ್ಕಾದರೂ ಹುಡುಗಿ ಸಿಗಬೇಕು. ಅದಕ್ಕೆ ಅಣ್ಣ ಬರಬೇಕು.

ಸುನಿತಾಳ ಲಗ್ನವಾದದ್ದು ನರೋಣಾದಲ್ಲಿ, ಅಣ್ಣನ ಮನೆಯ ಮುಂದಿನ ಹಂದರದಲ್ಲಿ. ಗಂಡಿನ ಕಡೆಯಿಂದ ಬಂದವರು ನಾಲ್ಕು ಗಂಡಸರು. ಒಬ್ಬ ಹೆಣ್ಣುಮಗಳೂ ಇರಲಿಲ್ಲ. "ಮುತ್ತೈದೇರು ಯಾಕ ಬಂದಿಲ್ಲೋ ಅಣ್ಣಾ?" ಎಂದು ಅವಳು ಕೇಳಿದ್ದಳು. "ಎರಡು ದಿನದ ರೈಲು ಬೇ. ಮುದುಕೇರು ಹ್ಯಾಂಗ ಬರ್ಬೇಕು? ಅವರೂ ಶಿವಭಕ್ತರೇ, ಫಿಕರ್ ಮಾಡಬ್ಯಾಡ" ಎಂದಿದ್ದ ಶಿವರಾಯ. ನಮ್ಮ ಕಡೆ ಅಕ್ಕಿಕಾಳು ಬೀಳುವಾಗ ಹುಡುಗಿಯ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಅವನು ನಿಂತನೆಂದರೆ ಹುಡುಗಿಯ ಜಿಮ್ಮೇದಾರಿ ಅವನದು, ಇನ್ನು ಯಾರೂ ಏನೂ ಕೇಳುವಂತಿಲ್ಲ. ಶಿವರಾಯ ನಿಂತಿದ್ದ. ಹಂದರದ ಮಂದಿಯೆಲ್ಲ ಅವನ ಮುಖ ನೋಡಿ ಅಕ್ಕಿ ಹಾಕಿದರು. ಬೀಗರ ಊರು ಯಾವುದು, ಮನೆ ಎಲ್ಲಿ ಎಂದು ತಾಯಿಯಾದವಳು ಒಂದು ಚೀಟಿಯಲ್ಲಿ ಬರೆಸಿಕೊಳ್ಳಲಿಲ್ಲ. ಬೆನ್ನಿಗೆ ಅಣ್ಣ ನಿಂತಿರುವಾಗ ಚೀಟಿ ಕೇಳಿದರೆ ಅವನ ಮುಖಕ್ಕೆ ಹೊಡೆದಂತಾಗುತ್ತಿತ್ತು.

ಮೊದಲ ಪಂಚಮಿಗೆ ಸುನಿತಾ ಬರಲಿಲ್ಲ. ಲಗ್ನವಾದ ಹುಡುಗಿ ಮೊದಲ ಪಂಚಮಿಗೆ ತವರಿಗೆ ಬಾರದಿದ್ದರೆ ಓಣಿ ಸುಮ್ಮನಿರುತ್ತದೆಯೇ? "ಅವರ ಕಡಿ ಪಂಚಮಿ ಇಲ್ಲಂತ" ಎಂದು ಅಣ್ಣ ಹೇಳಿದ್ದನ್ನೇ ಅವಳು ಎಲ್ಲರಿಗೂ ಹೇಳಿದಳು.

ಪೊಲೀಸ್ ಮೇಡಂಗೆ ಅವಳು ಹೇಳದೆ ಉಳಿಸಿಕೊಂಡ ಸಂಗತಿ ಇನ್ನೊಂದಿತ್ತು. ವಜೀರುನ್ನಿಸಾಗೂ ಅದು ಗೊತ್ತಿರಲಿಲ್ಲ. ಕಳೆದ ದೀಪಾವಳಿಯ ನಂತರ ಶಿವರಾಯ ಅವಳನ್ನು ಎರಡು ಮನೆಗೆ ಕರೆದುಕೊಂಡು ಹೋಗಿದ್ದ. ಒಂದು ಅಫಜಲಪುರದಲ್ಲಿ, ವತ್ಸಲಾಬಾಯಿ ಎಂಬ ವಿಧವೆಯ ಮನೆ. ಇನ್ನೊಂದು ಜೇವರ್ಗಿಯಲ್ಲಿ, ತಂಗಿಗೆ ಗಂಡು ಹುಡುಕುತ್ತಿದ್ದ ಸಿದ್ದರಾಮೇಶನದು. "ನನ್ನ ಮಾತು ಬಿಡ್ರಿ, ಈಕಿನ್ನ ಕೇಳ್ರಿ. ಹೆತ್ತ ಮಗಳಿನ್ನ ಆ ಕಡಿಗೇ ಕೊಟ್ಟಾಳ ನನ್ನ ತಂಗಿ" ಎಂದು ಅವನು ಮುಂದೆ ಕೂರಿಸಿದಾಗ ಇವಳು, "ಹೌದ್ರಿ, ಆರಾಮ ಅದಾಳ" ಎಂದಿದ್ದಳು. ವತ್ಸಲಾಬಾಯಿ ಆ ಮಾತು ಕೇಳಿ ಕಣ್ಣೊರೆಸಿಕೊಂಡು ಮಗಳು ಅಮಿತಾಳನ್ನು ಒಳಗಿನಿಂದ ಕರೆದಿದ್ದಳು. ಮುಂದೆ ಆ ಎರಡೂ ಮನೆಯ ಹುಡುಗಿಯರ ಲಗ್ನ ಆ ಕಡೆಗೇ ಆಗಿತ್ತು.

ಈಗ ಹೇಳಿದರೆ? ಮೇಡಂ ಆ ಮನೆಗಳಿಗೆ ಹೋಗುತ್ತಾರೆ, ಆ ಮನೆಯವರು ಗುಲ್ಲೆಬ್ಬಿಸುತ್ತಾರೆ, ಶಿವರಾಯನಿಗೆ ಗೊತ್ತಾಗುತ್ತದೆ, ಸುನಿತಾ ಕೈತಪ್ಪುತ್ತಾಳೆ. ಹೀಗೆ ಲೆಕ್ಕ ಹಾಕಿ ಅವಳು ಬಾಯಿ ಮುಚ್ಚಿದಳು. ನಾಚಿಕೆಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತೆಂದು ಅವಳು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಆಷಾಢದ ಮಳೆ ಬಂತು. ತೊಗರಿ ಗೇಣುದ್ದ ಎದ್ದಿತು. ಓಣಿಯ ಹೆಂಗಸರು ಅಳ್ಳು ಹುರಿಯಲು ಜೋಳ ಹಸನು ಮಾಡುತ್ತ, "ಏನ್ ಸುಭದ್ರಾ, ಈ ವರ್ಷರೆ ಮಗಳು ಬರ್ತಾಳೋ, ಇಲ್ಲ ಆ ಕಡಿ ಇನ್ನೂ ಪಂಚಮಿ ಹುಟ್ಟಿಲ್ಲೋ?" ಎಂದು ಚುಚ್ಚಿದರು. ಅವಳು ನಕ್ಕಳು. ಆ ನಗೆಯನ್ನು ನೋಡಿ ವಜೀರುನ್ನಿಸಾ ಒಂದು ದಿನ ಬಿಸಿಯೂಟದ ಕೋಣೆಗೆ ಬಂದು, "ಅಕ್ಕಾ, ನೀ ಅತ್ತಿದ್ರ ನನಗ ಇಷ್ಟ ಅಂಜಿಕಿ ಆಗ್ತಿರಲಿಲ್ಲ ನೋಡು" ಎಂದಳು.

ನಾಗರ ಚೌತಿಯ ಹಿಂದಿನ ದಿನ ಮುಂಜಾನೆ ಶಿವರಾಯ ಬಂದ.

ಬಿಳಿ ಅಂಗಿ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಇಳಕಲ್ ಸೀರೆಯ ಚೀಲ. ಹೊಸ್ತಿಲಲ್ಲೇ ನಿಂತು, "ಏನ್ ಬೇ, ಅಣ್ಣ ಬಂದಾನ, ಕಾಲಿಗಿ ನೀರು ಕೊಡೋದು ಮರತೇನು? ವಯಸ್ಸಾತು ನಿನಗ" ಎಂದ.

"ನಿನಗೇನ ಕಮ್ಮಿ ಆಗಿಲ್ಲ. ಮೀಸಿ ಬೆಳ್ಳಗಾಗ್ಯಾವ" ಎಂದು ಅವಳು ತಂಬಿಗೆ ತಂದುಕೊಟ್ಟಳು. ಒಳಗೆ ಹೋಗಿ ವಜೀರುನ್ನಿಸಾಳ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಟ್ಟಳು. ಅಷ್ಟೇ ಮಾಡಬೇಕೆಂದು ಮಾತಾಗಿತ್ತು.

ಬಿಸಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಹಸಿ ಎಣ್ಣೆ ಹಾಕಿ ಬಡಿಸಿದಳು. ಅವನಿಗೆ ಅದು ಬಹಳ ಸೇರುತ್ತಿತ್ತು. ಸಣ್ಣವಳಿದ್ದಾಗ ಅವ್ವ ಕೊಟ್ಟ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ತಾಟಿಗೆ ಹಾಕುತ್ತಿದ್ದವನೂ ಇವನೇ. ಅವನು ಉಣ್ಣುವುದನ್ನು ನೋಡುತ್ತ ಕುಳಿತಾಗ ಅವಳಿಗೆ ಒಂದು ಆಸೆ ಹುಟ್ಟಿತು. ಇವನಿಗೂ ಯಾರಾದರೂ ಮೋಸ ಮಾಡಿರಬಹುದಲ್ಲ? ಹುಡುಗಿ ಹೆದರಿಕೆಯಲ್ಲಿ ಏನಾದರೂ ತಪ್ಪು ಹೇಳಿರಬಹುದಲ್ಲ? ಒಂದು ಸಲ ಕೇಳೋಣ. ಒಂದೇ ಒಂದು ಸಲ.

"ಅಣ್ಣಾ, ಸುನಿತಾನ್ನ ಈ ವರ್ಷರೆ ಕರಸೂನಲ್ಲ? ನೀನೇ ಹೋಗಿ ಕರಕೊಂಡು ಬಾ. ನೀ ಹೋಗೇ ಇಲ್ಲ ಒಮ್ಮಿನೂ."

"ಎಲ್ಲಿ ಹೋಗಲಿ ಬೇ, ಪುರಸತ್ತಿಲ್ಲ. ದಾರಿನೂ ನೆಟ್ಟಗ ಗೊತ್ತಿಲ್ಲ ನನಗ" ಎಂದ ಅವನು, ರೊಟ್ಟಿ ಮುರಿಯುತ್ತ. "ಖುಷ್ ಅದಾಳ. ಮತ್ತ ನಿನಗೊಂದು ಸುದ್ದಿ, ನಾಕು ತಿಂಗಳಾಗ್ಯಾವಂತ. ಬಸುರಿನ್ನ ಅಷ್ಟು ದೂರ ಹ್ಯಾಂಗ ಕಳಸ್ತಾರ? ಬಾಣಂತನಕ್ಕ ಬರ್ತಾಳ ಬಿಡು."

ಎರಡು ಸಲ ಹೋಗಿ ಬಂದವನು. ಕಾಲು ಹಿಡಿದ ಹುಡುಗಿಯನ್ನು ಕೊಡವಿ ಬಂದವನು. ದಾರಿ ಗೊತ್ತಿಲ್ಲವೆಂಬ ಮಾತು ಇಷ್ಟು ಸರಾಗವಾಗಿ ಬಂತು. ಬಾಯಲ್ಲಿ ತುತ್ತಿತ್ತು, ಗಂಟಲಿಗೆ ಸಿಕ್ಕಿಕೊಳ್ಳಲೂ ಇಲ್ಲ.

"ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದಳು ಸುಭದ್ರಾಬಾಯಿ.

"ಹಾಕು. ಹಾಂ, ಮತ್ತ, ಹಬ್ಬ ಮುಗದ ಮ್ಯಾಲ ಜೇವರ್ಗಿ ಕಡಿ ಇನ್ನೊಂದು ಮನಿಗಿ ಹೋಗಿ ಬರೂನು. ಛಲೋ ಹುಡುಗಿ. ತಾಯಿ ಇಲ್ಲ. ನೀ ಬಂದ್ರ ಮಂದಿಗಿ ಭರೋಸಾ ಬರ್ತದ ನೋಡು."

ಅವಳು ರೊಟ್ಟಿ ಹಾಕಿದಳು.

ಹನ್ನೊಂದರ ಬಸ್ಸಿಗೆ ಇಬ್ಬರೂ ಹೊರಟರು. ನಿಂಬರ್ಗಾದಿಂದ ನರೋಣಾಕ್ಕೆ ಹೋಗಬೇಕಾದರೆ ಆಳಂದದಲ್ಲಿ ಇಳಿದು ಬಸ್ಸು ಬದಲಿಸಬೇಕು. ತವರಿಗೆ ಹೊರಟ ಹೆಣ್ಣುಮಕ್ಕಳಿಂದ ಬಸ್ಸು ತುಂಬಿತ್ತು. ಒಬ್ಬೊಬ್ಬರ ಮಡಿಲಲ್ಲೂ ಡಬ್ಬಿ, ಕಂಕುಳಲ್ಲಿ ಕೂಸು. ಕಂಡಕ್ಟರ್ ಬಂದಾಗ ಸುಭದ್ರಾಬಾಯಿ ಆಧಾರ್ ಕಾರ್ಡು ತೋರಿಸಿ ಪುಕ್ಕಟೆ ಟಿಕೆಟ್ ತೆಗೆದುಕೊಂಡಳು.

"ನೋಡ್ರಿ ಕಂಡಕ್ಟರ್ ಸಾಹೇಬ್ರ" ಎಂದು ಶಿವರಾಯ ಗಟ್ಟಿಯಾಗಿ ನಗಾಡಿದ, "ಮೊದಲ ತಂಗಿ ಟಿಕೇಟು ತಗಸಾಕರೆ ಅಣ್ಣ ಬೇಕಾಗ್ತಿದ್ದ. ಈಗ ಸರ್ಕಾರ ಅದನ್ನೂ ಕಸಕೊಂಡದ!"

"ಡಬ್ಬಿ ಹೊರಾಕ ನೀವೇ ಬೇಕಲ್ರಿ" ಎಂದ ಕಂಡಕ್ಟರ್. ಸುತ್ತಲಿನ ಹೆಂಗಸರು ನಕ್ಕರು. ಹಿಂದಿನ ಸೀಟಿನಿಂದ ಒಬ್ಬ ಮುದುಕಿ, "ಇಂಥಾ ಅಣ್ಣ ಇರ್ಬೇಕು ನೋಡವ್ವಾ, ಈ ವಯಸ್ಸಿನಾಗೂ ಕರ್ಯಾಕ ಬಂದಾನ" ಎಂದು ಸುಭದ್ರಾಬಾಯಿಯ ಹೆಗಲು ಮುಟ್ಟಿದಳು. ಅವಳು ಕಿಟಕಿಯ ಕಡೆ ತಿರುಗಿದಳು. ಹೆಸರಿನ ಹೊಲ, ತೊಗರಿಯ ಹೊಲ, ಮತ್ತೆ ತೊಗರಿ. ಪಕ್ಕದಲ್ಲಿ ಅಣ್ಣ ತೂಕಡಿಸಿ ಅವಳ ಭುಜಕ್ಕೆ ತಲೆಯಾನಿಸಿದ. ಅವಳು ಸರಿಸಲಿಲ್ಲ.

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮೇಡಂ ಸಾದಾ ಸೀರೆಯಲ್ಲಿ ನಿಂತಿದ್ದರು. ಎರಡು ಬದಿಯಿಂದ ಇಬ್ಬರು ಬಂದು ಶಿವರಾಯನ ರಟ್ಟೆ ಹಿಡಿದರು. ಒಬ್ಬ ಮೊದಲು ಮಾಡಿದ್ದು, ಅಂಗಿಯ ಕಿಸೆಯಿಂದ ಫೋನು ತೆಗೆದುಕೊಂಡದ್ದು. ಉಂಡಿಯ ಡಬ್ಬಿ ಕೆಳಗೆ ಬಿತ್ತು.

ಶಿವರಾಯ ಮೊದಲು ಅವರನ್ನು ನೋಡಿದ, ಆಮೇಲೆ ತಂಗಿಯನ್ನು. ಅವಳು ಬೆಚ್ಚಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಅದನ್ನು ನೋಡಿಯೇ ಅವನಿಗೆ ತಿಳಿಯಿತು.

"ನಾ ನಿನ್ನ ಕರ್ಯಾಕ ಬಂದಿದ್ನಲ್ಲ ಬೇ" ಎಂದ. ದನಿ ಸಣ್ಣದಾಗಿತ್ತು.

"ಅದಕ್ಕೇ ಸಿಕ್ಕಿ ಅಣ್ಣಾ."

ಠಾಣೆಯಲ್ಲಿ ಅವನು ಒಂದು ತಾಸು ಬಾಯಿ ಬಿಡಲಿಲ್ಲ. ಆಮೇಲೆ ತಂಗಿಯ ಜೊತೆ ಮಾತಾಡಬೇಕೆಂದ. ಮೇಡಂ ಎದುರಿಗೇ ಕೂರಿಸಿದರು.

"ಇದೆಲ್ಲಾ ಹೊರಗ ಬಂದ್ರ ಹುಡುಗಿ ಇಜ್ಜತ್ ಏನಾಗ್ತದ? ಯಾರು ಮಾಡ್ಕೋತಾರ ಆಕಿನ್ನ? ನಿನಗ ತವರಮನಿ ಬಾಗಲಾ ಮುಚ್ತದ, ತಿಳ್ಕೋ. ತಕರಾರು ವಾಪಸ್ ತಗೋ, ನಾನೇ ಹೋಗಿ ಕರಕೊಂಡು ಬರ್ತೇನಿ."

"ಆಕಿಗಿ ಏನಂದಿ ನೀನು?" ಎಂದಳು ಸುಭದ್ರಾಬಾಯಿ. "ನಿಮ್ಮವ್ವಗ ಗೊತ್ತದ ಅಂದಿಯಲ್ಲ. ಮಾರಿದ್ರ ಮಾರಿದಿ, ಆ ಮಾತು ಯಾಕಂದಿ?"

ಶಿವರಾಯ ನೆಲ ನೋಡಿದ. "ಹಂಗಂದ್ರ ಸುಮ್ಮ ಇರ್ತಾಳ ಅಂತ" ಎಂದ. "ಅತ್ತು ಕರದು ಓಡಿಹೋದ್ರ ಅವರು ಕೊಂದು ಹಾಕ್ತಿದ್ರು. ಹೋಗಾಕ ಜಾಗಾ ಇಲ್ಲ ಅಂತ ತಿಳದ್ರ ಹುಡುಗ್ಯಾರು ಹೊಂದ್ಕೋತಾರ."

ಹುಡುಗ್ಯಾರು ಎಂದ. ಹುಡುಗಿ ಎನ್ನಲಿಲ್ಲ. ಮೇಡಂ ಅವನ ಫೋನಿನ ಹೆಸರುಗಳ ಪಟ್ಟಿ ತೆರೆದು ಮೇಜಿನ ಮೇಲಿಟ್ಟರು. ಬೀಗರು ಒಂದು, ಬೀಗರು ಎರಡು, ಬೀಗರು ಮೂರು. ಏಳರತನಕ ಇತ್ತು. ಯಾವುದು ಸುನಿತಾಳದು ಎಂದು ಕೇಳಿದಾಗ ಅವನು ಬೆರಳು ತೋರಿಸಿದ. ಊರ ಹೆಸರನ್ನೂ ಹೇಳಿದ. ಎಷ್ಟಕ್ಕೆ ಎಂದು ಸುಭದ್ರಾಬಾಯಿ ಕೇಳಲಿಲ್ಲ. ಅವನು ಹೇಳಹೊರಟಾಗ ಎದ್ದು ಹೊರಗೆ ಬಂದಳು.

ರಾಜಸ್ಥಾನದ ಪೊಲೀಸರು ಆ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ನಾಲ್ಕಾಗಿತ್ತು. ಐದಕ್ಕೆ ಮೇಡಂ ತಮ್ಮ ಫೋನನ್ನು ಅವಳ ಕೈಗೆ ಕೊಟ್ಟರು. ವಿಡಿಯೋ ಕಾಲ್‌ನಲ್ಲಿ, ಅಲ್ಲಿಯ ಜೀಪಿನಲ್ಲಿ ಕುಳಿತ ಸುನಿತಾ ಕಾಣಿಸಿದಳು. ಕೆನ್ನೆಯ ಎಲುಬು ಎದ್ದಿತ್ತು. ತಲೆಯ ಮೇಲೆ ಯಾರದೋ ಓಢಣಿ.

ವಜೀರುನ್ನಿಸಾ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಸುಭದ್ರಾಬಾಯಿ ಒಂದು ತಿಂಗಳಿನಿಂದ ಕಾಯ್ದಿಟ್ಟುಕೊಂಡ ಮಾತನ್ನು ಹೇಳಿದಳು:

"ನನಗ ಗೊತ್ತಿರಲಿಲ್ಲವ್ವಾ."

ಸುನಿತಾ ಅವಳನ್ನೇ ನೋಡಿದಳು. ಬಹಳ ಹೊತ್ತು ನೋಡಿದಳು.

"ಬರ್ತೇನಲ್ಲ. ಬಂದ ಮ್ಯಾಲ ಮಾತಾಡೂನು" ಎಂದು ಫೋನನ್ನು ಪಕ್ಕದ ಮಹಿಳಾ ಪೊಲೀಸಿಗೆ ಕೊಟ್ಟಳು.

ಹುಡುಗಿ ಸಿಕ್ಕಿದ್ದಳು. ಅವ್ವನ ಮೇಲೆ ಅವಳಿಗಿದ್ದ ನಂಬಿಕೆ ಮಾತ್ರ ಆ ಜೀಪಿನಲ್ಲಿ ಇರಲಿಲ್ಲ. ಅದನ್ನು ಅಣ್ಣ ಎಲ್ಲಿ ಮಾರಿದ್ದನೋ, ಯಾವ ಪೊಲೀಸರು ಹುಡುಕಿ ತಂದಾರು?

ಸುಭದ್ರಾಬಾಯಿ ಅಲ್ಲೇ ಬೆಂಚಿನ ಮೇಲೆ ಕುಳಿತಳು. ಆಮೇಲೆ ಒಳಗೆ ಹೋಗಿ ಮೇಡಂ ಎದುರು ನಿಂತು, ಅಫಜಲಪುರದ ಮನೆಯನ್ನೂ ಜೇವರ್ಗಿಯ ಮನೆಯನ್ನೂ ಹೇಳಿದಳು. ತಾನು ಏನೆಂದು ಹೇಳಿದ್ದೆ ಎನ್ನುವುದನ್ನೂ ಹೇಳಿದಳು. ಮೇಡಂ ಬರೆದುಕೊಂಡರು. ಬರೆದಾದ ಮೇಲೆ, "ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದರು. "ಆ ಮನಿಗಿ ನಾನೂ ಬರ್ತೇನಿ" ಎಂದಷ್ಟೇ ಹೇಳಿದಳು.

ಮರುದಿನ ಮುಂಜಾನೆ ಜೀಪು ಅಫಜಲಪುರದ ಓಣಿಗೆ ಬಂದಾಗ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ವತ್ಸಲಾಬಾಯಿ ಒಲೆಯ ಮುಂದೆ ಅಳ್ಳು ಹುರಿಯುತ್ತಿದ್ದಳು. ಸುಭದ್ರಾಬಾಯಿಯನ್ನು ನೋಡಿ ಮುಖವರಳಿಸಿ ಎದ್ದು ಬಂದಳು.

"ಬರ್ರಿ ಅಕ್ಕಾ, ಬರ್ರಿ! ಒಬ್ರೇ ಬಂದೀರಲ್ಲ, ಅಣ್ಣಾರೆಲ್ಲಿ? ಅಮಿತಾನ್ನ ಪಂಚಮಿಗಿ ಕಳಸ್ತಾರಂತೇನು?"

"ಒಳಗ ಬರಾಂಗಿಲ್ರಿ. ಇಲ್ಲೇ ಹೇಳ್ತೇನಿ" ಎಂದು ಸುಭದ್ರಾಬಾಯಿ ಅಂಗಳದಲ್ಲೇ ನಿಂತು ಹೇಳಿದಳು. ಏನನ್ನೂ ಬಿಡಲಿಲ್ಲ. ವತ್ಸಲಾಬಾಯಿ ಕೈಯಲ್ಲಿನ ಜೋಳದ ಬುಟ್ಟಿಯನ್ನು ಎದೆಗೊತ್ತಿಕೊಂಡು ಕೇಳಿದಳು. ಒಳಗೆ ಒಲೆಯ ಮೇಲೆ ಅಳ್ಳು ಸಿಡಿದು ಸಿಡಿದು ಸೀದು ಹೋಯಿತು.

"ನೀವು ನಿಮ್ಮ ಮಗಳಿನ್ನ ಕೊಟ್ಟೀನಿ ಅಂದ್ರಲ್ರಿ" ಎಂದಳು ಕೊನೆಗೆ. "ಅದಕ್ಕ ನಾ ಕೊಟ್ಟೆ."

"ಹೌದ್ರಿ."

"ನಿಮಗ ಯಾವಾಗ ಗೊತ್ತಾತು?"

ಸುಭದ್ರಾಬಾಯಿ ಜೀಪಿನ ಕಡೆ ನೋಡಿದಳು. ನಿನ್ನೆ ಎನ್ನಬಹುದಿತ್ತು. ಮೇಡಂ ದೂರದಲ್ಲಿ ನಿಂತಿದ್ದರು, ಅವರಿಗೆ ಕೇಳಿಸುತ್ತಿರಲಿಲ್ಲ.

"ಒಂದು ತಿಂಗಳಾತ್ರಿ."

ವತ್ಸಲಾಬಾಯಿ ಬಯ್ಯಲಿಲ್ಲ, ಕೈಯೆತ್ತಲಿಲ್ಲ. ಅವಳ ಮುಖದಿಂದ ಏನೋ ಇಳಿದುಹೋಯಿತು, ಅಷ್ಟೇ. ಒಳಗೆ ಹೋಗಿ ಒಲೆಗೆ ನೀರು ಸುರಿದಳು. ಗೋಡೆಯ ಮೇಲಿದ್ದ ಅಮಿತಾಳ ಫೋಟೋ ಇಳಿಸಿಕೊಂಡು, ಚಪ್ಪಲಿ ಮೆಟ್ಟಿ, ಸುಭದ್ರಾಬಾಯಿಯ ಪಕ್ಕದಿಂದಲೇ ಹಾದು ಜೀಪಿಗೆ ನಡೆದಳು.

"ಮೇಡಂ, ನಾ ಈಕಿ ಬಾಜೂಕ ಕೂಡಂಗಿಲ್ರಿ" ಎಂದಳು.

ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಸುಭದ್ರಾಬಾಯಿ ಹಿಂದೆ ಹತ್ತಿ ಕುಳಿತು, ಜೇವರ್ಗಿಯ ಮನೆಗೆ ಯಾವ ಓಣಿಯಿಂದ ಹೋಗಬೇಕೆಂದು ಡ್ರೈವರನಿಗೆ ಹೇಳತೊಡಗಿದಳು.